ಹೊಸ ನಾದವೂ ಅವಸರದ ಕಿವಿಯೂ

ಕೃತಿಗೂ ಜನಕ್ಕೂ ನಡುವೆ ನಿಂತವನು ವಿಮರ್ಶಕ. ಹಳೆಯ ಕೃತಿಗಳ ವಿಷಯದಲ್ಲಿ ಅವನ ಕೆಲಸ ಅಷ್ಟೇನೂ ಕಠಿಣವಲ್ಲ. ಹಿಂದಿನವರು ನಡೆದ ಹಾದಿಯಿರುತ್ತದೆ, ಅಲ್ಲಲ್ಲಿ ಕೈಮರಗಳಿರುತ್ತವೆ, ತಪ್ಪಿದರೂ ಬಹುದೂರ ತಪ್ಪುವುದಿಲ್ಲ. ಆದರೆ ನಿನ್ನೆ ಇಲ್ಲದಿದ್ದ ಕೃತಿಯೊಂದು ಇಂದು ಹೊರಬಂದು, ಅದರ ಗುಣದೋಷಗಳನ್ನು ನಾಳೆ ಬೆಳಗಾಗುವುದರೊಳಗೆ ಹೇಳಬೇಕೆಂದಾಗ ಅವನ ನಿಜವಾದ ಪರೀಕ್ಷೆ ನಡೆಯುತ್ತದೆ. ನಮ್ಮ ಅಲಂಕಾರಶಾಸ್ತ್ರಜ್ಞರು ಕಾವ್ಯವನ್ನು ಸವಿಯಲು ಅಧಿಕಾರಿ ಯಾರು ಎಂಬ ಪ್ರಶ್ನೆಯನ್ನು ಕೇಳಿಕೊಂಡು, ಅವನನ್ನು 'ಸಹೃದಯ'ನೆಂದು ಕರೆದರು. ಪಂಡಿತನೆನ್ನಲಿಲ್ಲ, ನ್ಯಾಯಾಧೀಶನೆಂದೂ ಅನ್ನಲಿಲ್ಲ. ಕಾವ್ಯದ ಎಡೆಬಿಡದ ಅಭ್ಯಾಸದಿಂದ ಯಾರ ಮನಸ್ಸೆಂಬ ಕನ್ನಡಿ ನಿರ್ಮಲವಾಗಿದೆಯೋ ಅವನೇ ಸಹೃದಯ ಎಂಬುದು ಅಭಿನವಗುಪ್ತನ ಅಭಿಪ್ರಾಯ. ಇಲ್ಲಿ 'ಅಭ್ಯಾಸ' ಎಂಬ ಮಾತನ್ನು ಗಮನಿಸಬೇಕು. ಅಭ್ಯಾಸಕ್ಕೆ ಹೊತ್ತು ಬೇಕು. ಹೊತ್ತಿಲ್ಲದ ಕಡೆ ಕನ್ನಡಿಯ ಮೇಲೆ ಧೂಳಿರುವುದು ಸಹಜ.

ಈ ಮಾತನ್ನು ಒಂದು ನಿದರ್ಶನದಿಂದ ಪರಿಶೀಲಿಸಬೇಕೆಂದು ನನ್ನ ಉದ್ದೇಶ. ನಿದರ್ಶನ ನಮ್ಮ ನಾಡಿನದಲ್ಲ, ಇಂಗ್ಲೆಂಡಿನದು, ಕಾವ್ಯದ್ದಲ್ಲ, ಸಂಗೀತದ್ದು, ಅದರಲ್ಲಿಯೂ ಅನೇಕ ಹಿರಿಯರಿಗೆ ಗದ್ದಲವೆಂದೇ ತೋರುವ 'ರಾಕ್' ಸಂಗೀತದ್ದು. ಕಲಾ ಕಾಲೇಜೊಂದರ ವಾರ್ಷಿಕ ಸಂಚಿಕೆಯಲ್ಲಿ ಇದಕ್ಕೇನು ಕೆಲಸವೆಂದು ಯಾರಾದರೂ ಹುಬ್ಬೇರಿಸಿದರೆ ಅದು ತಪ್ಪಲ್ಲ. ನನ್ನ ಸಮಾಧಾನವಿಷ್ಟೆ: ಒಂದು ಹೊಸ ಕೃತಿಯನ್ನು ಅದರ ಕಾಲದ ವಿಮರ್ಶಕರು ಹೇಗೆ ಎದುರುಗೊಂಡರೆಂಬುದು ಇಷ್ಟು ಸ್ಪಷ್ಟವಾಗಿ ಅಚ್ಚಿನಲ್ಲಿ ಉಳಿದಿರುವ ಪ್ರಸಂಗಗಳು ವಿರಳ. ಮೇಲಾಗಿ, ಅದು ನಡೆದ 2000ದ ಇಸವಿಯಲ್ಲಿ ಇಂದಿನ ವಿದ್ಯಾರ್ಥಿಗಳಾದ ನಾವು ಹುಟ್ಟಿಯೇ ಇರಲಿಲ್ಲ. ಆ ಜಗಳದಲ್ಲಿ ನಮಗೆ ಪಕ್ಷವಿಲ್ಲ. ಪಕ್ಷವಿಲ್ಲದವನಿಗೆ ಜಗಳದ ಸ್ವರೂಪ ಚೆನ್ನಾಗಿ ಕಾಣುತ್ತದೆ.

'ರೇಡಿಯೊಹೆಡ್' ಎಂಬುದು ಐವರ ಒಂದು ತಂಡ. ಥಾಮ್ ಯಾರ್ಕ್ ಹಾಡುಗಾರ. ಜಾನಿ ಗ್ರೀನ್‌ವುಡ್ ಮತ್ತು ಕಾಲಿನ್ ಗ್ರೀನ್‌ವುಡ್ ಅಣ್ಣತಮ್ಮಂದಿರು. ಎಡ್ ಒಬ್ರಿಯನ್ ಮತ್ತು ಫಿಲಿಪ್ ಸೆಲ್ವೆ ಉಳಿದಿಬ್ಬರು. ಐವರೂ ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್‌ಡನ್ ಎಂಬ ಊರಿನ ಶಾಲೆಯಲ್ಲಿ ಓದಿದವರು. ಮೂರು ಗಿಟಾರುಗಳನ್ನು ಮುಂದಿಟ್ಟುಕೊಂಡು ಬೆಳೆದ ತಂಡವಿದು. 1997ರಲ್ಲಿ ಇವರು ಹೊರತಂದ 'ಓಕೆ ಕಂಪ್ಯೂಟರ್' ಎಂಬ ಗೀತಸಂಪುಟಕ್ಕೆ ದೊರೆತ ಕೀರ್ತಿ ಅಷ್ಟಿಷ್ಟಲ್ಲ. ರಾಕ್ ಸಂಗೀತಕ್ಕೆ ಹೊಸ ಜೀವ ಕೊಡುವವರು ಇವರೇ ಎಂದು ಪತ್ರಿಕೆಗಳು ಹಾಡಿ ಹೊಗಳಿದುವು. ಇತರ ತಂಡಗಳು ಅನುಕರಣೆಗೆ ತೊಡಗಿದುವು.

ಕೀರ್ತಿ ಕೆಲವರಿಗೆ ಉತ್ಸಾಹವನ್ನು ತರುತ್ತದೆ, ಕೆಲವರಿಗೆ ಬಾಯಿ ಕಟ್ಟಿಸುತ್ತದೆ. ಯಾರ್ಕರಿಗೆ ಆದದ್ದು ಎರಡನೆಯದು. ಊರಿಂದೂರಿಗೆ ಅಲೆದ ದೀರ್ಘ ಪ್ರವಾಸ ಮುಗಿದ ಮೇಲೆ ಅವರು ಖಿನ್ನತೆಗೆ ಒಳಗಾದರು. ಹಾಡು ಕಟ್ಟಲು ಕುಳಿತರೆ ಕೈ ಓಡಲಿಲ್ಲ. ತಮ್ಮ ಧಾಟಿಯನ್ನು ಎಲ್ಲರೂ ಹಾಡುತ್ತಿರುವಾಗ ಅದೇ ಧಾಟಿ ತಮಗೇ ಹೇಸಿಗೆಯಾಯಿತು. 1999ರ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಮೊದಲಾದ ಧ್ವನಿಮುದ್ರಣದ ಕೆಲಸ ಅಲ್ಲಿಂದ ಕೋಪನ್‌ಹೇಗನ್ನಿಗೆ, ಅನಂತರ ಗ್ಲಾಸ್ಟರ್‌ಷೈರಿನ ಹಳ್ಳಿಮನೆಯೊಂದಕ್ಕೆ, ಕಡೆಗೆ ಆಕ್ಸ್‌ಫರ್ಡಿನ ತಮ್ಮದೇ ಮನೆಗೆ ಎಂದು ಒಂದು ವರ್ಷಕ್ಕೂ ಮಿಕ್ಕಿ ಎಳೆಯಿತು. ತಂಡದೊಳಗೆ ಭಿನ್ನಾಭಿಪ್ರಾಯಗಳಿಗೂ ಕೊರತೆಯಿರಲಿಲ್ಲ. ಗಿಟಾರಿನ ಚಿಕ್ಕ ಚೊಕ್ಕ ಹಾಡುಗಳನ್ನು ಮಾಡೋಣವೆಂದು ಒಬ್ರಿಯನ್ನರಿಗೆ ಆಸೆ. ಯಾರ್ಕರಿಗೆ ಲಯ ಮತ್ತು ನಾದದ ಹುಚ್ಚು. ಹೊರತರಲು ಯೋಗ್ಯವಾದುದೊಂದು ಒಮ್ಮತದಿಂದ ಸಿದ್ಧವಾಗದಿದ್ದರೆ ತಂಡವನ್ನೇ ಮುಚ್ಚಿಬಿಡುವುದು ಎಂಬವರೆಗೂ ಮಾತು ಹೋಗಿತ್ತಂತೆ.

ಹೀಗೆ ಹುಟ್ಟಿದುದೇ 'ಕಿಡ್ ಎ' ಎಂಬ ಸಂಪುಟ. ಸುಮಾರು 50 ನಿಮಿಷಗಳಲ್ಲಿ 10 ರಚನೆಗಳು. ಇವುಗಳಲ್ಲಿ ಗಿಟಾರು ಬಹುಮಟ್ಟಿಗೆ ಹಿಂದೆ ಸರಿದು, ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಸರ್ ಮೊದಲಾದ ಯಂತ್ರಗಳು ಮುಂದೆ ಬಂದುವು. 1928ರಲ್ಲಿ ಮಾರಿಸ್ ಮಾರ್ಟನೊ ಎಂಬ ಫ್ರೆಂಚರು ಲೋಕಕ್ಕೆ ತೋರಿಸಿದ, ಮನುಷ್ಯಕಂಠದಂತೆ ಜಾರುವ ಧ್ವನಿಯ 'ಓಂದ್ ಮಾರ್ಟನೊ' ಎಂಬ ವಾದ್ಯವನ್ನು ಜಾನಿ ಗ್ರೀನ್‌ವುಡ್ ನುಡಿಸಿದರು. ಸಂಪುಟಕ್ಕೆ ಹೆಸರು ಕೊಟ್ಟ ಎರಡನೆಯ ರಚನೆಯಲ್ಲಿ ಯಾರ್ಕರ ಮಾತು ಅವರ ಕಂಠದಿಂದ ಬಂದರೂ ಅದರ ಸ್ವರ ಆ ವಾದ್ಯದ್ದು. ಎರಡನ್ನೂ ಯಂತ್ರದಿಂದ ಬೆಸೆದಿದ್ದಾರೆ. ಕೆಲವು ಹಾಡುಗಳ ಸಾಹಿತ್ಯವನ್ನು ಚೀಟಿಗಳ ಮೇಲೆ ಬರೆದ ಸಾಲುಗಳನ್ನು ಕಲಸಿ, ಕೈಗೆ ಬಂದಂತೆ ಜೋಡಿಸಿ ರಚಿಸಿದರು. 'ಈಡಿಯೊಟೆಕ್' ಎಂಬ ರಚನೆಯ ಕಥೆಯಂತೂ ಸ್ವಾರಸ್ಯವಾದುದು. ಜಾನಿ ಗ್ರೀನ್‌ವುಡ್ ಯಂತ್ರಗಳಿಂದ ಹೊರಡಿಸಿ ಮುದ್ರಿಸಿಕೊಟ್ಟ ಸುಮಾರು 50 ನಿಮಿಷಗಳ ನಾದದಲ್ಲಿ ಒಂದು ನಿಮಿಷಕ್ಕೂ ಕಡಮೆಯ ಒಂದು ತುಣುಕು ಯಾರ್ಕರ ಕಿವಿಗೆ ಹಿಡಿಸಿತು. ಅದರೊಳಗಿದ್ದ ನಾಲ್ಕು ಸ್ವರಮೇಳಗಳು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಗೀತಗಾರ ಪಾಲ್ ಲ್ಯಾನ್ಸ್ಕಿಯವರು 1973ರಲ್ಲಿ ಗಣಕಯಂತ್ರದಿಂದ ರಚಿಸಿದ ಕೃತಿಯೊಂದರವು. ಅವರ ಅನುಮತಿ ಪಡೆದೇ ಬಳಸಿದರು. ಲ್ಯಾನ್ಸ್ಕಿಯವರಾದರೋ ತಮ್ಮ ಕೃತಿಗೆ ಪ್ರೇರಣೆಯನ್ನು ಪಡೆದಿದ್ದುದು 1865ರಲ್ಲಿ ಮೊದಲು ರಂಗಕ್ಕೆ ಬಂದ ವಾಗ್ನರನ 'ಟ್ರಿಸ್ಟಾನ್' ಸಂಗೀತನಾಟಕದಿಂದ. ಹೀಗೆ ಕುಣಿತದ ತಾಳವೆಂದು ತೋರುವ ಒಂದು ಹಾಡಿನ ಬೇರು ನೂರಮೂವತ್ತು ವರ್ಷಗಳಿಗೂ ಹಿಂದಕ್ಕೆ ಚಾಚಿದೆ.

ಸಂಪುಟ ಹೊರಬಂದುದು 2000ದ ಅಕ್ಟೋಬರ್ ಮೊದಲ ವಾರದಲ್ಲಿ. ಹೊರತಂದ ರೀತಿಯೂ ವಾಡಿಕೆಯದಾಗಿರಲಿಲ್ಲ. ಮೊದಲು ಒಂದೆರಡು ಹಾಡುಗಳನ್ನು ಬಿಡಿಯಾಗಿ ಮಾರಿ ಜನರ ಬಾಯಲ್ಲಿ ನೀರೂರಿಸುವ ಪದ್ಧತಿಯನ್ನು ಕೈಬಿಟ್ಟರು. ಹಾಡಿಗೆ ಚಿತ್ರವನ್ನು ತೆಗೆದು ಟೆಲಿವಿಷನ್ನಿಗೆ ಕೊಡುವ ಬದಲು ಕೆಲವು ಕ್ಷಣಗಳ ತುಣುಕು ಚಿತ್ರಗಳನ್ನು ಮಾತ್ರ ಹರಡಿದರು. ವಿಮರ್ಶಕರ ಕೈಗೆ ಮುಂಚಿತವಾಗಿ ಪ್ರತಿಗಳನ್ನು ಕೊಡದೆ, ತಾವು ಏರ್ಪಡಿಸಿದ ಕೂಟಗಳಲ್ಲಿ ಕೂರಿಸಿ ಕೇಳಿಸಿದರು. ಇದೊಂದು ವಿಪರ್ಯಾಸ. ಪದೇ ಪದೇ ಕೇಳಿದರೆ ಮಾತ್ರ ಬಾಗಿಲು ತೆರೆಯುವಂಥ ಕೃತಿಯನ್ನು ಪದೇ ಪದೇ ಕೇಳುವ ಅವಕಾಶವನ್ನು ವಿಮರ್ಶಕನಿಗೆ ಕೊಡಲಿಲ್ಲ. ಅದೇ ಕಾಲದಲ್ಲಿ 'ನ್ಯಾಪ್‌ಸ್ಟರ್' ಎಂಬ ಗಣಕಜಾಲದ ಮೂಲಕ ಇಡೀ ಸಂಪುಟ ವಾರಗಳ ಮುಂಚೆಯೇ ಸೋರಿ ಹೋಗಿತ್ತು. ಆದ್ದರಿಂದ ಕೆಲವು ಸಾಮಾನ್ಯ ಕೇಳುಗರು ವಿಮರ್ಶಕರಿಗಿಂತ ಹೆಚ್ಚು ಸಲ ಅದನ್ನು ಕೇಳಿದ್ದಿರಬೇಕು! ಸಂಪುಟ ಇಂಗ್ಲೆಂಡಿನಲ್ಲಿ ಮಾರಾಟದ ಪಟ್ಟಿಯ ತುದಿಯನ್ನೇರಿತು. ಅಮೆರಿಕದಲ್ಲಿಯೂ ಮೊದಲ ವಾರದಲ್ಲೇ ಎರಡು ಲಕ್ಷಕ್ಕೂ ಮೇಲ್ಪಟ್ಟು ಪ್ರತಿಗಳು ಖರ್ಚಾಗಿ ಮೊದಲನೆಯ ಸ್ಥಾನಕ್ಕೆ ಬಂದಿತು. 'ಓಕೆ ಕಂಪ್ಯೂಟರ್' ಅಲ್ಲಿ 21ನೆಯ ಸ್ಥಾನವನ್ನು ಮೀರಿರಲಿಲ್ಲ.

ಇನ್ನು ವಿಮರ್ಶಕರ ಮಾತಿಗೆ ಬರೋಣ. ಲಂಡನ್ನಿನ 'ಮೆಲೊಡಿ ಮೇಕರ್' 1926ರಿಂದ ನಡೆದು ಬಂದಿದ್ದ ಹಳೆಯ ಸಂಗೀತ ಪತ್ರಿಕೆ. ಅದರಲ್ಲಿ ಮಾರ್ಕ್ ಬ್ಯೂಮಾಂಟ್ ಎಂಬವರು ಈ ಸಂಪುಟಕ್ಕೆ ಕೊಟ್ಟುದು 5ಕ್ಕೆ 1.5. ಅವರು ಬಳಸಿದ ಭಾಷೆಯನ್ನು ಕಾಲೇಜಿನ ಸಂಚಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ಸಭ್ಯವಾಗಿ ಸಂಗ್ರಹಿಸಿದರೆ, ಇದು ತನ್ನನ್ನು ತಾನೇ ಮೆಚ್ಚಿಕೊಳ್ಳುವ ಆಡಂಬರದ ಗೋಳು ಎಂದಾಗುತ್ತದೆ. 'ಸೆಲೆಕ್ಟ್' ಪತ್ರಿಕೆಯ ಕೊಂಕು ಬೇರೆ ದಿಕ್ಕಿನದು: ಏಫೆಕ್ಸ್ ಟ್ವಿನ್ ಎಂಬ ಯಂತ್ರಸಂಗೀತಗಾರ ಏಳು ವರ್ಷಗಳ ಹಿಂದೆಯೇ ಮಾಡಿ ಮುಗಿಸಿದುದನ್ನು ಈಗ ಮಾಡಿದ್ದಕ್ಕೆ ಇವರಿಗೊಂದು ಪದಕ ಕೊಡಬೇಕೇನು ಎಂಬರ್ಥ ಬರುವಂತೆ ಅದು ಕೇಳಿತು. 'ಗಾರ್ಡಿಯನ್' ಪತ್ರಿಕೆಯ ವಿಮರ್ಶಕರಿಗೆ ಇದೊಂದು ಒಗಟು. ಜರ್ಮನಿಯ ಪ್ರಾಯೋಗಿಕ ತಂಡಗಳನ್ನೂ ಆರ್ನೆಟ್ ಕೋಲ್ಮನ್ನರ ಜಾಸ್ ಸಂಗೀತವನ್ನೂ ಕೇಳಿ ಬೆಳೆದವರು ಕೂಡ ಇಲ್ಲಿ ದಿಕ್ಕು ತಪ್ಪುತ್ತಾರೆಂದು ಅವರ ಎಣಿಕೆ.

ಎದುರು ದಡದಲ್ಲಿ ನಿಂತಿತ್ತು ಅಮೆರಿಕದ 'ಪಿಚ್‌ಫೋರ್ಕ್'. ಆಗಿನ್ನೂ ಹೆಚ್ಚು ಜನಕ್ಕೆ ತಿಳಿಯದಿದ್ದ, ಅಂತರಜಾಲದಲ್ಲಿ ಮಾತ್ರ ಪ್ರಕಟವಾಗುತ್ತಿದ್ದ ಪತ್ರಿಕೆಯದು. ಬ್ರೆಂಟ್ ಡಿಕ್ರೆಸೆಂಜೊ ಎಂಬವರು ಅದರಲ್ಲಿ 10ಕ್ಕೆ 10 ಕೊಟ್ಟರು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ರಾತ್ರಿ ನಡೆದ ಕಚೇರಿ, ಆಕಾಶದಿಂದ ಬಿದ್ದ ಉಲ್ಕೆ, ಒಂದರ ಮೇಲೊಂದು ಹೇರಿದ ಉಪಮೆಗಳು ಎಂದು ಸಾಗುವ ಆ ಬರಹವನ್ನು ಭಕ್ತಿಗೀತೆಯೆಂದರೂ ಸಲ್ಲುತ್ತದೆ. ಆ ಪತ್ರಿಕೆಗೆ ಹೆಸರು ತಂದುದು ಬಹುಮಟ್ಟಿಗೆ ಈ ಒಂದು ವಿಮರ್ಶೆಯೇ. 'ರೋಲಿಂಗ್ ಸ್ಟೋನ್' ಪತ್ರಿಕೆಯ ಡೇವಿಡ್ ಫ್ರಿಕ್ ಮಾತ್ರ ಉಬ್ಬದೆ ಕುಗ್ಗದೆ 5ಕ್ಕೆ 4 ನಕ್ಷತ್ರಗಳನ್ನಿತ್ತರು.

ಒಂದೇ ವಸ್ತು, ಒಂದೇ ತಿಂಗಳು. ಒಬ್ಬರಿಗೆ ಹತ್ತರಲ್ಲಿ ಮೂರು, ಇನ್ನೊಬ್ಬರಿಗೆ ಹತ್ತಕ್ಕೆ ಹತ್ತು. ಅಭಿರುಚಿಭೇದವೆಂದು ಕೈತೊಳೆದುಕೊಳ್ಳಬಹುದೆ? ಅಭಿರುಚಿಭೇದವಿರುವುದು ಸರ್ವವಿದಿತ, ಅದು ಇರಬೇಕಾದುದೇ. ನನ್ನ ಆಕ್ಷೇಪಣೆ ಬೇರೆ. ಈ ಎರಡು ಬರಹಗಳನ್ನೂ ಓದಿ ಮುಗಿಸಿದವನಿಗೆ ಬರೆದವನ ಮನಃಸ್ಥಿತಿ ತಿಳಿಯುತ್ತದೆಯೇ ಹೊರತು ಕೃತಿಯಲ್ಲಿ ಏನಿದೆಯೆಂಬುದು ಅಷ್ಟಾಗಿ ತಿಳಿಯುವುದಿಲ್ಲ. ಒಬ್ಬರು ಸಿಟ್ಟನ್ನು ಬರೆದರು, ಇನ್ನೊಬ್ಬರು ಪರವಶತೆಯನ್ನು ಬರೆದರು. ಎರಡಕ್ಕೂ ಕೊನೆಯಲ್ಲಿ ಒಂದು ಅಂಕಿ ಅಂಟಿಕೊಂಡಿತು. ಅಂಕಿಯಿರುವಾಗ ವಾದವೇಕೆ ಎಂಬ ಭಾವನೆ ಓದುವವನಲ್ಲಿಯೂ ಬೆಳೆಯುತ್ತದೆ, ಬರೆಯುವವನಲ್ಲಿಯೂ ಬೆಳೆಯುತ್ತದೆ. ಪರೀಕ್ಷೆಯ ಫಲಿತಾಂಶದ ದಿನ ನಮ್ಮ ಉತ್ತರಪತ್ರಿಕೆಯಲ್ಲಿ ನಾವೇನು ಬರೆದಿದ್ದೆವೆಂದು ಯಾರೂ ಕೇಳುವುದಿಲ್ಲವಷ್ಟೆ.

ಇನ್ನೊಂದು ಸಂಗತಿಯನ್ನು ನೋಡಿ. ರಾಕ್ ಸಂಗೀತದ ಪಕ್ಷದವರಿಗೆ ಈ ಕೃತಿ ಅತಿ ಹೊಸದು; ಯಂತ್ರಸಂಗೀತವನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಒಂದೇ ಕೃತಿ ಏಕಕಾಲದಲ್ಲಿ ಅತಿ ಹೊಸದೂ ತೀರ ಹಳೆಯದೂ ಆಗುವುದು ಹೇಗೆ? ಇಬ್ಬರೂ ಕೃತಿಯನ್ನು ಕೃತಿಯಾಗಿ ಕೇಳದೆ, ತಾವು ಕೈಯಲ್ಲಿ ಹಿಡಿದು ಬಂದ ಅಳತೆಗೋಲಿಗೆ ಹಿಡಿದು ನೋಡಿದರು. ಒಬ್ಬರ ಅಳತೆಗೋಲು 'ಓಕೆ ಕಂಪ್ಯೂಟರ್'. ಇನ್ನೊಬ್ಬರದು ಏಫೆಕ್ಸ್ ಟ್ವಿನ್. ಹೊಸ ಸೊಸೆಯ ಪ್ರತಿಯೊಂದು ಅಡುಗೆಯಲ್ಲಿಯೂ ಹಿರಿಯ ಸೊಸೆಯ ಕೈರುಚಿಯನ್ನು ಹುಡುಕಿದರೆ ಯಾರಿಗೆ ತಾನೆ ಊಟ ಸೇರೀತು?

ಅವಸರದಿಂದ ಆಗುವ ಹಾನಿಗೆ ಒಂದು ಸಣ್ಣ ಸಾಕ್ಷಿ ಸಾಕು. ಈ ಸಂಪುಟದಲ್ಲಿ ಹಾಡೂ ಇಲ್ಲ, ಗಿಟಾರೂ ಇಲ್ಲ ಎಂಬ ಮಾತು ಹಬ್ಬಿತು. ನಾಲ್ಕನೆಯ ರಚನೆಯನ್ನು ಕೇಳಿ: ಅಲ್ಲಿ ಬರಿಯ ಮರದ ಗಿಟಾರು, ಅದರ ಹಿಂದೆ ತಂತಿವಾದ್ಯಗಳ ವೃಂದ, ನಡುವೆ ಸರಳವಾದೊಂದು ರಾಗದಲ್ಲಿ ಯಾರ್ಕರ ಕಂಠ. ಆರನೆಯದಾದ 'ಆಪ್ಟಿಮಿಸ್ಟಿಕ್' ಗಿಟಾರಿನ ಮೇಲೆಯೇ ನಿಂತ ಹಾಡು. ಐದನೆಯದಾದ 'ಟ್ರೀಫಿಂಗರ್ಸ್'ನಲ್ಲಿ ಕೇಳುವ ಮಂಜಿನಂಥ ನಾದ ಕೂಡ ಒಬ್ರಿಯನ್ನರ ಗಿಟಾರಿನಿಂದಲೇ ತೆಗೆದುದು. ಯಂತ್ರದಲ್ಲಿ ಹಾಯ್ದು ಗುರುತು ಸಿಕ್ಕದಂತಾಗಿದೆ, ಅಷ್ಟೆ. ಮೂರನೆಯದರಲ್ಲಿ ತುತ್ತೂರಿಗಳ ಒಂದು ಮೇಳವೇ ಇದೆ; ಅದು ಜಾಸ್‌ನ ಚಾರ್ಲ್ಸ್ ಮಿಂಗಸ್ಸರನ್ನು ಮೆಚ್ಚಿ ಮಾಡಿದುದು. ಮೊದಲೆರಡು ರಚನೆಗಳಲ್ಲಿ ಬೆಚ್ಚಿದ ಕಿವಿ ಮುಂದಿನ ಎಂಟರಲ್ಲಿಯೂ ಬೆಚ್ಚಿಕೊಂಡೇ ಇತ್ತೆಂದು ಕಾಣುತ್ತದೆ.

ನಾನು ಈ ಸಂಪುಟವನ್ನು ಕೇಳಿದುದು ಹಾಸ್ಟೆಲಿನಲ್ಲಿ, ರಾತ್ರಿ ಊಟವಾದ ಮೇಲೆ, ಸ್ನೇಹಿತರೊಬ್ಬರಿಂದ ಎರವಲು ಪಡೆದ ಕಿವಿಯ ಯಂತ್ರದಲ್ಲಿ, ಸುಮಾರು ಎರಡು ವಾರಗಳ ಕಾಲ. ಕೇಳುವ ಮೊದಲು ಯಾರ ಅಭಿಪ್ರಾಯವನ್ನೂ ಓದಲಿಲ್ಲ. ಮನೆಯಲ್ಲಿ ಚಿಕ್ಕಂದಿನಲ್ಲಿ ಸಂಗೀತಪಾಠಕ್ಕೆ ಕಳುಹಿಸಿದ್ದರಿಂದ ತೊಡೆಯ ಮೇಲೆ ತಾಳ ಹಾಕುವ ಅಭ್ಯಾಸ ನನಗುಂಟು. ಮೊದಲನೆಯ ರಚನೆಗೆ ತಾಳ ಹಾಕಿ ನೋಡಿದೆ. ನಾಲ್ಕರ ಲೆಕ್ಕಕ್ಕೆ ಅದು ಸಿಕ್ಕಲಿಲ್ಲ. ಎಣಿಸುತ್ತ ಹೋದರೆ ಹತ್ತಕ್ಕೆ ಆವರ್ತ ಮುಗಿಯುತ್ತದೆ. ನಮ್ಮ ಮಿಶ್ರಜಾತಿ ಝಂಪೆತಾಳಕ್ಕೂ ಹತ್ತೇ ಅಕ್ಷರ. ಒಳಗಿನ ವಿಭಾಗ ಬೇರೆಯಿರಬಹುದು. ಆದರೆ ಹತ್ತನ್ನು ಎಣಿಸಬಲ್ಲ ಕಿವಿಗೆ ಅಲ್ಲಿ ದಿಗಿಲಿಲ್ಲ. ಒಂಬತ್ತನೆಯದಾದ 'ಮಾರ್ನಿಂಗ್ ಬೆಲ್' ಐದರ ನಡೆಯದು. ಖಂಡಗತಿಯ ಪರಿಚಯವುಳ್ಳವರು ಕೂಡಲೆ ಗುರುತಿಸುವರು. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ನಾಲ್ಕರ ನಡೆಯೇ ರಾಜಮಾರ್ಗವಾದುದರಿಂದ ಅಲ್ಲಿಯ ಕಿವಿಗಳಿಗೆ ಇದು ಕಾಲಿನ ಕೆಳಗಿನ ಮೆಟ್ಟಿಲು ಜಾರಿದಂತೆ ತೋರಿರಬೇಕು. ಕ್ಲಿಷ್ಟತೆ ಕೃತಿಯಲ್ಲಿರುವಂತೆಯೇ ಕೇಳುವವನ ರೂಢಿಯಲ್ಲಿಯೂ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಷ್ಟೆಂದಮಾತ್ರಕ್ಕೆ ಹತ್ತೂ ರಚನೆಗಳು ನನಗೆ ಪ್ರಿಯವೆಂದು ತಿಳಿಯಬಾರದು. 'ಟ್ರೀಫಿಂಗರ್ಸ್' ಹನ್ನೆರಡು ಸಲ ಕೇಳಿದರೂ ನನಗೆ ಸಪ್ಪೆಯೇ. ಎರಡು ಹಾಡುಗಳ ನಡುವೆ ಉಸಿರು ಬಿಡಲು ಒದಗುವ ಜಗಲಿಯೆಂಬುದಕ್ಕಿಂತ ಹೆಚ್ಚಿನ ಬೆಲೆಯನ್ನು ನಾನು ಅದಕ್ಕೆ ಕೊಡಲಾರೆ. ಚೀಟಿ ಎತ್ತಿ ಜೋಡಿಸಿದ ಸಾಹಿತ್ಯದಲ್ಲಿ ಮಿಂಚುವ ಮಾತುಗಳಿದ್ದರೂ, ಕೆಲವು ಕಡೆ ಚೀಟಿ ಚೀಟಿಯಾಗಿಯೇ ಉಳಿದಿದೆ. ಆದರೆ 'ಈಡಿಯೊಟೆಕ್' ಒಂದೊಂದು ಸಲ ಕೇಳಿದಾಗಲೂ ಬೇರೆಯಾಗಿ ಕೇಳಿಸಿತು. ಮೊದಲು ಕೇಳಿದುದು ಬಡಿತ. ಆಮೇಲೆ ಬಡಿತದ ಅಡಿಯಲ್ಲಿ ಮೆಲ್ಲನೆ ತಿರುಗುವ ಆ ನಾಲ್ಕು ಸ್ವರಮೇಳಗಳು. ಆಮೇಲೆ ಅವೆರಡರ ನಡುವೆ ಸಿಕ್ಕಿಕೊಂಡ ಮನುಷ್ಯನೊಬ್ಬನ ಅಂಜಿಕೆ. ಇದು ನನ್ನ ಕಿವಿಯ ಸಾಕ್ಷಿ. ಇನ್ನೊಬ್ಬರ ಸಾಕ್ಷಿ ಬೇರೆಯಿರಲಿ. ಅದನ್ನು ಕೇಳಲು ನಾನು ಸಿದ್ಧ. ನಕ್ಷತ್ರಗಳ ಲೆಕ್ಕದಲ್ಲಿ ಮಾತ್ರ ಅದು ನನಗೆ ಬೇಡ.

ಮುಂದೆ ನಡೆದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2001ರಲ್ಲಿ ಈ ಸಂಪುಟಕ್ಕೆ ಅಮೆರಿಕದ ಗ್ರಾಮಿ ಪ್ರಶಸ್ತಿಗಳಲ್ಲಿ ಒಂದು ಬಂದಿತು. 2009ರಲ್ಲಿ ದಶಕದ ಲೆಕ್ಕ ಹಾಕುವಾಗ 'ರೋಲಿಂಗ್ ಸ್ಟೋನ್', 'ಪಿಚ್‌ಫೋರ್ಕ್', ಲಂಡನ್ನಿನ 'ಟೈಮ್ಸ್' ಮೂರೂ ಇದನ್ನು ಆ ದಶಕದ ಸರ್ವಶ್ರೇಷ್ಠ ಸಂಪುಟವೆಂದುವು. ಹಿಂದೆ ದಿಕ್ಕು ತಪ್ಪಿದ್ದ 'ಗಾರ್ಡಿಯನ್' ಎರಡನೆಯ ಸ್ಥಾನವನ್ನು ಕೊಟ್ಟಿತು. 2020ರಲ್ಲಿ 'ರೋಲಿಂಗ್ ಸ್ಟೋನ್' ಪ್ರಕಟಿಸಿದ ಸಾರ್ವಕಾಲಿಕ 500 ಸಂಪುಟಗಳ ಪಟ್ಟಿಯಲ್ಲಿ ಇದಕ್ಕೆ 20ನೆಯ ಸ್ಥಾನ. 'ಮೆಲೊಡಿ ಮೇಕರ್' ಪತ್ರಿಕೆಯೋ 2000ದ ಡಿಸೆಂಬರಿನಲ್ಲಿಯೇ ಬೇರೊಂದು ಪತ್ರಿಕೆಯಲ್ಲಿ ಲೀನವಾಯಿತು.

ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಒಂದು ನೀತಿಯನ್ನು ಹೇಳಿ ಕಥೆ ಮುಗಿಸುವುದು ವಾಡಿಕೆ: "ನೋಡಿ, ಬೈದವರು ಮೂರ್ಖರಾದರು, ಕಾಲವೇ ನಿಜವಾದ ವಿಮರ್ಶಕ." ಈ ನೀತಿಯನ್ನು ನಾನು ಒಪ್ಪಲಾರೆ. ಕಾಲವೆಂದರೇನು? ಮುಂದೆ ಬಂದ ಜನ, ಅಷ್ಟೆ. ಆ ಜನ ಕೇಳಿ ಮೆಚ್ಚಿದರೋ, ಮೆಚ್ಚಬೇಕೆಂದು ಕೇಳಿ ಮೆಚ್ಚಿದರೋ? 2000ದಲ್ಲಿ ಈ ಸಂಪುಟವನ್ನು ಹೊಗಳಲು ಒಂದಿಷ್ಟು ಧೈರ್ಯ ಬೇಕಾಗಿತ್ತು. ಇಂದು ತೆಗಳಲು ಧೈರ್ಯ ಬೇಕು. ಧೈರ್ಯ ಬೇಕಾದ ದಿಕ್ಕು ಬದಲಾಯಿತೇ ಹೊರತು, ತಾನಾಗಿ ಕೇಳುವವರ ಸಂಖ್ಯೆ ಹೆಚ್ಚಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಪಟ್ಟಿಯಲ್ಲಿ ಮೇಲಿರುವುದನ್ನು ಕೇಳಿ, ಮೇಲಿದೆಯೆಂದು ತಲೆದೂಗುವವನೂ ಸಹೃದಯನಲ್ಲ. ಈ ದೃಷ್ಟಿಯಿಂದ ಮಾರ್ಕ್ ಬ್ಯೂಮಾಂಟರ ವಿಷಯದಲ್ಲಿ ನನಗೆ ಒಂದು ಬಗೆಯ ಗೌರವವುಂಟು. ಜಗತ್ತೆಲ್ಲ ತಲೆದೂಗಿದ ಮೇಲೆಯೂ, 2010ರಲ್ಲಿ, ಈ ಸಂಪುಟ ಅಷ್ಟು ದೊಡ್ಡದೇನಲ್ಲವೆಂದು ಅವರು ಮತ್ತೊಮ್ಮೆ ಹೆಸರು ಹಾಕಿ ಬರೆದರು. ಅವರ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಮೊದಲ ಬರಹದ ಭಾಷೆಯಂತೂ ಸಲ್ಲದು. ಆದರೆ ಗಾಳಿ ಬೀಸಿದತ್ತ ತೂರಿಕೊಳ್ಳದ ಸ್ವಭಾವ ಮೆಚ್ಚತಕ್ಕದ್ದೇ.

ವಿಮರ್ಶೆಯ ಬೆಲೆ ಅದರ ತೀರ್ಪು ಮುಂದೆ ನಿಜವಾಯಿತೇ ಇಲ್ಲವೇ ಎಂಬುದರಲ್ಲಿಲ್ಲ. ವಿಮರ್ಶಕನೇನು ಜೋಯಿಸನಲ್ಲ. ಕೃತಿಯನ್ನು ಎದುರಿಸಿದಾಗ ತನ್ನ ಅನುಭವಕ್ಕೆ ಬಂದುದೇನು, ಅದು ಬಂದುದು ಕೃತಿಯ ಯಾವ ಭಾಗದಿಂದ, ತನಗೆ ಎಟುಕದುದು ಯಾವುದು ಎಂಬುದನ್ನು ಪ್ರಾಮಾಣಿಕವಾಗಿ ತಿಳಿಸಿದರೆ ಅವನ ಕೆಲಸ ಮುಗಿಯಿತು. ತೀರ್ಪು ಅದರ ಹಿಂದೆ ತಾನಾಗಿ ಬರುತ್ತದೆ. ಬರದಿದ್ದರೂ ನಷ್ಟವಿಲ್ಲ.

ಈ ಒರೆಗಲ್ಲಿಗೆ ಹಚ್ಚಿದರೆ, ಆಗ ಬಂದ ಬರಹಗಳಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿ ಕಂಡುದು ಮೆಚ್ಚದವರೊಬ್ಬರದೇ. ಕಾದಂಬರಿಕಾರ ನಿಕ್ ಹಾರ್ನ್‌ಬಿಯವರು 2000ದ ಅಕ್ಟೋಬರಿನಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬರೆದ ವಿಮರ್ಶೆಯದು. ಗ್ರಾಮಫೋನ್ ತಟ್ಟೆಗಳ ಅಂಗಡಿಯವನೊಬ್ಬನನ್ನು ನಾಯಕನನ್ನಾಗಿ ಮಾಡಿ 1995ರಲ್ಲಿ ಕಾದಂಬರಿಯನ್ನೇ ಬರೆದ ಸಂಗೀತಪ್ರಿಯರು ಇವರು. ಅವರು ಬೈಯಲಿಲ್ಲ, ಗೊಣಗಿದರು. ಅವರ ಗೊಣಗಿನ ಸಾರಾಂಶ ಹೀಗೆ: ಈ ಸಂಪುಟ ಕೇಳುಗನಿಂದ ಭಕ್ತನ ತಾಳ್ಮೆಯನ್ನು ಬೇಡುತ್ತದೆ, ರಾತ್ರಿಯಿಂದ ರಾತ್ರಿಗೆ ಅದರ ಮುಂದೆ ಕುಳಿತು ತನ್ನನ್ನು ಒಪ್ಪಿಸಿಕೊಳ್ಳಬೇಕೆನ್ನುತ್ತದೆ, ಅಂಥ ತಾಳ್ಮೆಯೂ ಭಕ್ತಿಯೂ ಹದಿನಾರರ ಹುಡುಗರಲ್ಲಿ ಸಾಧ್ಯ, ಸಂಬಳ ತರಲು ಹೊರಟ ಮೇಲೆ ಎರಡೂ ದುರ್ಲಭ. ಆಗ ಅವರಿಗೆ ವಯಸ್ಸು 43.

ಇದು ದೋಷಾರೋಪಣೆಯೆಂದು ಹಾರ್ನ್‌ಬಿಯವರು ಬರೆದರು. ನಾನಾದರೋ ಇದನ್ನು ಓದಿ ಎದ್ದು ಕುಳಿತೆ. ಎಷ್ಟು ಪ್ರಾಮಾಣಿಕವಾದ ಮಾತು! ಕೃತಿ ಕೆಟ್ಟದೆಂದು ಅವರು ಹೇಳುತ್ತಿಲ್ಲ. ಅದಕ್ಕೆ ಬೇಕಾದ ಹೊತ್ತು ತಮ್ಮಲ್ಲಿಲ್ಲವೆನ್ನುತ್ತಿದ್ದಾರೆ. ಹೊತ್ತಿಲ್ಲದವನಿಗೂ ಕಲೆಯಲ್ಲಿ ಪಾಲಿರಬೇಕಲ್ಲವೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ದಿನವಿಡೀ ದುಡಿದು ಬಂದ ತಂದೆಯ ಮುಂದೆ ಒಗಟನ್ನಿಟ್ಟು, ಬಿಡಿಸಲಾರದವನು ದಡ್ಡನೆನ್ನುವುದು ಮರ್ಯಾದೆಯಲ್ಲ. ಕಷ್ಟವಾದುದೆಲ್ಲ ಆಳವಾದುದೂ ಅಲ್ಲ; ಕೆಸರಿನ ನೀರಿಗೂ ತಳ ಕಾಣುವುದಿಲ್ಲ. ಕೃತಿ ಆಳವೋ ಕೆಸರೋ ತಿಳಿಯಲು ಒಂದೇ ಉಪಾಯ: ಮತ್ತೊಮ್ಮೆ ಕೇಳುವುದು. ಕೇಳಿದಾಗಲೆಲ್ಲ ಹೊಸದೊಂದು ತೋರಿದರೆ ಆಳ. ಹಳೆಯದೇ ತೋರಿದರೆ ಕೆಸರು. ನಮ್ಮ ನವ್ಯಕಾವ್ಯದ ಮೇಲೂ ಅರ್ಥವಾಗುವುದಿಲ್ಲವೆಂಬ ದೂರು ಬಂದಿತ್ತು. ಗೋಪಾಲಕೃಷ್ಣ ಅಡಿಗರ ಪದ್ಯವನ್ನು ಇಂದು ನಾವು ತರಗತಿಯಲ್ಲಿ ಓದುತ್ತಿರುವುದು ದೂರಿತ್ತವರು ಸೋತುದರಿಂದಲ್ಲ, ಕೆಲವರು ಕುಳಿತು ಮತ್ತೆ ಮತ್ತೆ ಓದಿದುದರಿಂದ.

ಹಾಗಾದರೆ ಹೊತ್ತಿರುವವರು ಯಾರು? ಹಾರ್ನ್‌ಬಿಯವರ ಮಾತನ್ನೇ ತಿರುಗಿಸಿ ಹೇಳುವುದಾದರೆ, ನಾವು. ಕಾಲೇಜಿನ ಮೂರು ವರ್ಷಗಳಲ್ಲಿ ನಮ್ಮ ಕೈಯಲ್ಲಿ ಹಣವಿಲ್ಲ, ಅಧಿಕಾರವಿಲ್ಲ, ಹೊತ್ತೊಂದು ಉಂಟು. ನಾಳೆ ಸಂಬಳ ಬರುತ್ತದೆ, ಹೊತ್ತು ಹೋಗುತ್ತದೆ. ನಮ್ಮಲ್ಲಿ ಅನೇಕರು ಈಗಲೇ ಸಂಜೆ ಅಂಗಡಿಗಳಲ್ಲಿ, ಮನೆಯ ಹೊಲಗಳಲ್ಲಿ ದುಡಿದು ಓದುತ್ತಿರುವುದನ್ನು ನಾನು ಬಲ್ಲೆ. ಅವರ ಪಾಲಿಗೆ ಉಳಿದ ಒಂದೊಂದು ಗಂಟೆಯೂ ಚಿನ್ನ. ಚಿನ್ನವನ್ನು ನಾವು ಹೇಗೆ ಖರ್ಚು ಮಾಡುತ್ತಿದ್ದೇವೆ? ಕಾದಂಬರಿಯನ್ನು ತೆರೆಯುವ ಮೊದಲು ಅದರ ಗೈಡನ್ನು ತೆರೆಯುತ್ತೇವೆ. ಚಲನಚಿತ್ರಕ್ಕೆ ಹೋಗುವ ಮೊದಲು ಅದಕ್ಕೆ ಬಿದ್ದ ನಕ್ಷತ್ರಗಳನ್ನು ಮೊಬೈಲಿನಲ್ಲಿ ಎಣಿಸುತ್ತೇವೆ. ಹಾಡು ಹತ್ತು ಕ್ಷಣಗಳಲ್ಲಿ ಹಿಡಿಸದಿದ್ದರೆ ಬೆರಳಿನಿಂದ ಆಚೆಗೆ ತಳ್ಳುತ್ತೇವೆ. 'ಈ ಕೃತಿಯನ್ನು ವಿಮರ್ಶಿಸಿ' ಎಂಬ ಹತ್ತು ಅಂಕಗಳ ಪ್ರಶ್ನೆಗೆ ಯಾರೋ ಹೇಳಿದುದನ್ನು ಯಾರೋ ಬರೆಸಿದಂತೆ ಬರೆಯುತ್ತೇವೆ. ಆ ಉತ್ತರಕ್ಕೆ ಎಂಟು ಅಂಕಗಳು ಬರುತ್ತವೆ ಕೂಡ! ಹೀಗಿರುವಲ್ಲಿ 2000ದ ಇಂಗ್ಲಿಷ್ ವಿಮರ್ಶಕರ ಅವಸರವನ್ನು ನಾವು ಹಾಸ್ಯ ಮಾಡುವುದು ಹೇಗೆ? ಅವರಿಗಾದರೂ ಪತ್ರಿಕೆಯ ಗಡುವು ಎಂಬ ಕಾರಣವಿತ್ತು. ನಮಗೇನು ಕಾರಣ?

ಬರಿಯ ಉಪದೇಶದಿಂದ ಫಲವಿಲ್ಲವಾದುದರಿಂದ ನನ್ನದೊಂದು ಸಣ್ಣ ಸೂಚನೆಯಿದೆ. ನಮ್ಮ ಕಾಲೇಜಿನ ಸಾಹಿತ್ಯ ಸಂಘದವರು ತಿಂಗಳಿಗೊಂದು ಸಂಜೆಯನ್ನು ಇದಕ್ಕೆ ಮೀಸಲಿಡಲಿ. ಯಾರಿಗೂ ಅಷ್ಟಾಗಿ ಪರಿಚಯವಿಲ್ಲದ ಒಂದು ಕೃತಿ ಸಾಕು. ಕವಿತೆಯಾಗಲಿ, ಹಾಡಾಗಲಿ, ಚಿತ್ರವಾಗಲಿ; ನಮ್ಮದಾಗಲಿ, ಪರದೇಶದ್ದಾಗಲಿ. ಎಲ್ಲರೂ ಕುಳಿತು ಅದನ್ನು ಎರಡು ಸಲ ಕೇಳಲಿ ಅಥವಾ ಓದಲಿ. ಅನಂತರ ಯಾರ ಅಭಿಪ್ರಾಯವನ್ನೂ ನೋಡದೆ ಒಬ್ಬೊಬ್ಬರೂ ಒಂದು ಪುಟ ಬರೆಯಲಿ. ಅದರಲ್ಲಿ ಅಂಕಿಗಳಿರಬಾರದು, ನಕ್ಷತ್ರಗಳಿರಬಾರದು, 'ಅದ್ಭುತ' 'ದರಿದ್ರ' ಎಂಬ ಎರಡು ಮಾತುಗಳಂತೂ ಕೂಡದು. ಏನು ಕೇಳಿಸಿತು, ಎಲ್ಲಿ ಕೇಳಿಸಿತು, ಎಲ್ಲಿ ದಾರಿ ತಪ್ಪಿತು ಎಂಬಿಷ್ಟೇ ಇರಲಿ. ಬರೆದವರು ಕೆಳಗೆ ತಮ್ಮ ಹೆಸರನ್ನು ಹಾಕಲಿ. ಉತ್ತಮವಾದ ಎರಡು ಪುಟಗಳನ್ನು ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಅಚ್ಚು ಹಾಕುವಂತಾಗಲಿ ಎಂದು ಸಂಪಾದಕವರ್ಗದವರಲ್ಲಿ ನನ್ನ ವಿನಂತಿ.

ಇದರಿಂದ ನಾವೆಲ್ಲ ವಿಮರ್ಶಕರಾಗಿಬಿಡುತ್ತೇವೆಂದು ನನ್ನ ಭ್ರಮೆಯಲ್ಲ. ಆದರೆ ಕನ್ನಡಿಯ ಮೇಲಿನ ಧೂಳನ್ನು ತಿಂಗಳಿಗೊಮ್ಮೆಯಾದರೂ ಒರಸಿದಂತಾಗುತ್ತದೆ. ಹೊಸದೊಂದು ಕೃತಿ ನಮ್ಮ ಬಾಗಿಲಿಗೆ ಬಂದು ನಿಂತಾಗ, ಅದು ಕನ್ನಡದ್ದೇ ಆಗಿರಲಿ, ಕಡಲಾಚೆಯದೇ ಆಗಿರಲಿ, ಪಕ್ಕದ ಮನೆಯವರು ಏನೆಂದರೆಂದು ವಿಚಾರಿಸುವ ಮುನ್ನ ಅದನ್ನು ಒಳಗೆ ಕರೆದು ಕೂರಿಸುವಷ್ಟು ಸೌಜನ್ಯವನ್ನು ಕಲಿತರೆ, ಈ ಮೂರು ವರ್ಷಗಳ ಓದು ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.